ಡಿಎನ್‌ಎಸ್: ಜೀರ್ಣದಾಖಲೆಗಳ ಶೋಧನೆಯ ಚರಿತ್ರೆ

ಅಂತರಜಾಲದ ಅಂಕವಿಳಾಸಗಳನ್ನೂ ಅವುಗಳಿಗೆ ಸಲ್ಲುವ ಹೆಸರುಗಳನ್ನೂ ಪರಸ್ಪರ ಹೊಂದಿಸಿಕೊಡುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ, ಕಾಲಕ್ರಮೇಣ ಸತ್ಯವನ್ನು ಕಳೆದುಕೊಂಡ ದಾಖಲೆಗಳನ್ನು ಪರೀಕ್ಷೆಯಿಂದ ಗುರುತಿಸಿ, ಅವುಗಳ ಹಕ್ಕುದಾರರಿಗೆ ಸೂಚನೆಯಿತ್ತು, ತಿದ್ದುಪಡಿಯಾಗದೆ ಉಳಿದವನ್ನು ತೆಗೆದುಹಾಕುವ ಕಾರ್ಯವೇ ಈ ಲೇಖನದ ವಿಷಯ. ದಾಖಲೆಯೊಂದು ಹುಟ್ಟುವುದು ಯಾರಿಗೋ ಅದರ ಅಗತ್ಯ ಬಿದ್ದಾಗ. ಅಗತ್ಯ ತೀರಿದ ಮೇಲಾದರೋ ಅದನ್ನು ಅಳಿಸಬೇಕೆಂದು ಒತ್ತಾಯಿಸುವವರು ಯಾರೂ ಇರುವುದಿಲ್ಲ. ತೀರಿಕೊಂಡವರ ಹೆಸರಿನಲ್ಲಿಯೇ ತಲೆಮಾರುಗಳ ಕಾಲ ಪಹಣಿ ನಡೆದುಬಂದು, ಜಮೀನು ಮಾರುವ ದಿನ ಪೌತಿ ಖಾತೆಯ ನೆನಪಾಗುವಂತೆ, ಇಲ್ಲಿಯೂ ತೊಡಕು ತಲೆದೋರುವವರೆಗೆ ಹಳೆಯ ನಮೂದು ಯಾರ ಕಣ್ಣಿಗೂ ಬೀಳದು.

ಅಂತರಜಾಲದ ಪೂರ್ವರೂಪವಾದ ಆರ್ಪಾನೆಟ್ಟಿನ ಕಾಲದಲ್ಲಿ ಈ ಸಮಸ್ಯೆ ಅಲ್ಪವಾಗಿದ್ದಿತು. ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕಿನಲ್ಲಿ ಎಲಿಜಬೆತ್ ಫೈನ್ಲರ್ ಅವರ ನೇತೃತ್ವದ ಮಾಹಿತಿ ಕೇಂದ್ರವು ಸಮಸ್ತ ಯಂತ್ರಗಳ ಹೆಸರುಗಳನ್ನು ಒಂದೇ ಕಡತದಲ್ಲಿ ರಕ್ಷಿಸುತ್ತಿದ್ದುದರಿಂದ, ಅಲ್ಲಿ ತಿದ್ದಿದರೆ ಮೂಲವನ್ನೇ ತಿದ್ದಿದಂತಾಗುತ್ತಿತ್ತು. ಜಾಲ ಬೆಳೆದಂತೆ ಆ ಕಡತವು ಭಾರವಾಗಲು, 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಡಿಎನ್‌ಎಸ್, ಹೆಸರುಗಳ ಅಧಿಕಾರವನ್ನು ಮೇಲಿನಿಂದ ಕೆಳಕ್ಕೆ ಹಂಚಿಕೊಟ್ಟಿತು. ಪ್ರತಿಯೊಂದು ದಾಖಲೆಗೂ ಆಯುರವಧಿಯೊಂದು ನಿಗದಿಯಾಗಿದ್ದುದು ನಿಜವೇ; ಆದರೆ ಅದು ಬೇರೆಡೆ ನೆನಪಿನಲ್ಲಿಟ್ಟುಕೊಂಡ ಪ್ರತಿಗಳಿಗೆ ಮಾತ್ರ ಅನ್ವಯಿಸುವುದೇ ಹೊರತು ಮೂಲದಾಖಲೆಗಲ್ಲ. ಮೂಲವು ತಾನಾಗಿ ಎಂದಿಗೂ ಮುಪ್ಪಾಗದು. ಅಧಿಕಾರವನ್ನು ಹಂಚಿದ ಆ ಮಹತ್ತಾದ ಯೋಜನೆ, ಅಳಿಸುವ ಹೊಣೆಯನ್ನು ಯಾರಿಗೂ ಸ್ಪಷ್ಟವಾಗಿ ಒಪ್ಪಿಸಲಿಲ್ಲ.

ಈ ಕೊರತೆ ಅತ್ಯಂತ ತೀವ್ರವಾಗಿ ಕಾಣಿಸಿಕೊಂಡುದು ವಿಲೋಮ ನಾಮಶೋಧದಲ್ಲಿ, ಎಂದರೆ ಅಂಕವಿಳಾಸದಿಂದ ಹೆಸರನ್ನು ಪಡೆಯುವ ಭಾಗದಲ್ಲಿ. ಉದಾಹರಣೆಗೆ 203.0.113.25 ಎಂಬ ಮಾದರಿ ವಿಳಾಸದ ಅಂಕಗಳನ್ನು ಹಿಂದುಮುಂದಾಗಿಸಿ, 25.113.0.203 ಎಂದು ಬರೆದು, ಕೊನೆಗೆ ‘ಇನ್-ಆಡರ್.ಆರ್ಪಾ’ ಎಂಬುದನ್ನು ಸೇರಿಸಿ ಪ್ರಶ್ನಿಸಬೇಕು. ಈ ವೃಕ್ಷದ ದೊಡ್ಡ ಕೊಂಬೆಗಳು ವಿಳಾಸಗಳನ್ನು ಹಂಚುವ ಪ್ರಾದೇಶಿಕ ನೋಂದಣಿ ಸಂಸ್ಥೆಗಳ ವಶದಲ್ಲಿವೆ: 1992ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಆರಂಭವಾದ ರೈಪ್ ಎನ್‌ಸಿಸಿ, 1993ರಲ್ಲಿ ಟೋಕಿಯೊದಲ್ಲಿ ಹುಟ್ಟಿ ತರುವಾಯ ಬ್ರಿಸ್ಬೇನಿಗೆ ಸ್ಥಳಾಂತರಗೊಂಡ ಏಪ್‌ನಿಕ್ ಮೊದಲಾದವು. ಈ ಸಂಸ್ಥೆಗಳು ಸದಸ್ಯನ ವಿಳಾಸಖಂಡಕ್ಕೆ ಇಂಥಿಂಥ ನೇಮ್ ಸರ್ವರುಗಳು ಉತ್ತರ ಕೊಡುವುವೆಂದು ತಮ್ಮ ಭಂಡಾರದಲ್ಲಿ ನಮೂದಿಸುತ್ತವೆ. ಕಂಪನಿ ಮುಚ್ಚಿಹೋದರೂ, ಸರ್ವರನ್ನು ಬದಲಾಯಿಸಿದರೂ, ನೋಡಿಕೊಳ್ಳುತ್ತಿದ್ದ ಎಂಜಿನಿಯರು ಕೆಲಸ ಬಿಟ್ಟರೂ ನಮೂದು ಮಾತ್ರ ಹಾಗೆಯೇ ನಿಲ್ಲುತ್ತದೆ. ಹೀಗೆ ಅಧಿಕಾರ ಕೊಟ್ಟ ಸರ್ವರು ಆ ಅಧಿಕಾರವನ್ನು ನಡೆಸದಿರುವ ಸ್ಥಿತಿಗೆ ‘ಲೇಮ್ ಡೆಲಿಗೇಷನ್’ ಎಂದು ಹೆಸರು. 1996ರ ಫೆಬ್ರವರಿಯಲ್ಲಿ ಡೇವಿಡ್ ಬಾರ್ ಪ್ರಕಟಿಸಿದ, ಅಂತರಜಾಲದ ತಾಂತ್ರಿಕ ಪ್ರಕಟಣೆಗಳ ಮಾಲೆಗೆ ಸೇರಿದ ಆರ್‌ಎಫ್‌ಸಿ 1912 ಇದನ್ನು ಡಿಎನ್‌ಎಸ್‌ನ ಸಾಮಾನ್ಯ ದೋಷಗಳ ಸಾಲಿನಲ್ಲಿ ವಿವರಿಸಿತು.

ಇದರಿಂದಾಗುವ ಕ್ಲೇಶ ತಪ್ಪಿತಸ್ಥನಿಗಿಂತ ಹೆಚ್ಚಾಗಿ ಪರರಿಗೆ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಯತ್ನಿಸಿದವನ ಮುಂದೆ ಪರದೆಯು ಹಲವು ಕ್ಷಣ ಸ್ತಬ್ಧವಾಗಿ ನಿಲ್ಲುವುದುಂಟು; ಆ ಹೊತ್ತಿನಲ್ಲಿ ಆ ಯಂತ್ರವು, ಬಂದವನ ವಿಳಾಸಕ್ಕೆ ಹೆಸರನ್ನರಸುತ್ತ, ಎಂದೋ ನಿಂತುಹೋದ ಸರ್ವರನ್ನು ಮತ್ತೆ ಮತ್ತೆ ಕೇಳುತ್ತಿರುತ್ತದೆ. ಹೆಸರು ದೊರೆಯದ ವಿಳಾಸದಿಂದ ಬಂದ ಅಂಚೆಯನ್ನು ಅನೇಕ ಮೇಲ್ ಸರ್ವರುಗಳು ಸ್ವೀಕರಿಸುವುದೇ ಇಲ್ಲ. ಇದಕ್ಕಿಂತ ಘೋರವಾದುದು, ನಮೂದಾದ ಸರ್ವರಿನ ಡೊಮೇನ್ ಹೆಸರಿನ ಅವಧಿ ತೀರಿದಾಗ ಅನ್ಯರು ಅದನ್ನು ಕೊಂಡು, ಉತ್ತರ ಹೇಳುವ ಅಧಿಕಾರವನ್ನೇ ಅಪಹರಿಸಬಹುದೆಂಬುದು.

ಏಪ್‌ನಿಕ್ ಸದಸ್ಯರು 2003ರಲ್ಲಿ ಚರ್ಚಿಸಿದ, ಮರುವರ್ಷ ಜಾರಿಗೆ ಬಂದ ಶೋಧನಾ ನೀತಿ ಈ ಚರಿತ್ರೆಯ ಮುಖ್ಯ ಘಟ್ಟವಾಗಿದೆ. ದೋಷವು ಜಾಲದ ಮಾರ್ಗದಲ್ಲಿದೆಯೋ ಸರ್ವರಿನಲ್ಲಿದೆಯೋ ಎಂಬ ಸಂದೇಹ ಉಳಿಯದಂತೆ ಆಸ್ಟ್ರೇಲಿಯ ಮತ್ತು ಜಪಾನುಗಳೆರಡರಿಂದಲೂ ಪರೀಕ್ಷೆ ನಡೆಯುತ್ತಿತ್ತು. 15 ದಿನಗಳ ಕಾಲ ಎಡೆಬಿಡದೆ ಉತ್ತರ ಬಾರದಿದ್ದರೆ ಮಾತ್ರ ಹಕ್ಕುದಾರನಿಗೆ ಸೂಚನೆ ಹೋಗಿ, ಮತ್ತೆ 45 ದಿನಗಳ ಅವಕಾಶ ದೊರೆಯುತ್ತಿತ್ತು. ಆಗಲೂ ತಿದ್ದದಿದ್ದರೆ ಆ ಸರ್ವರಿಗೆ ಕೊಟ್ಟ ಅಧಿಕಾರವನ್ನು ತಡೆಹಿಡಿಯಲಾಗುತ್ತಿತ್ತು. ಅವಸರದಿಂದ ಅಳಿಸಿದರೆ ಜೀವಂತ ಜಾಲವೊಂದು ಮೂಕವಾದೀತೆಂಬ ಭಯವನ್ನೂ, ಅಳಿಸದಿದ್ದರೆ ಭಂಡಾರವೇ ಅಸತ್ಯವಾದೀತೆಂಬ ಭಯವನ್ನೂ ಸಮನಾಗಿ ತೂಗಿದ ಈ ವಿವೇಕವು ಶ್ಲಾಘ್ಯವಾದುದು. ಭಾರತವು ಏಪ್‌ನಿಕ್ಕಿನ ವ್ಯಾಪ್ತಿಗೆ ಸೇರಿದುದರಿಂದ ನಮ್ಮ ಜಾಲಗಳಿಗೂ ಈ ನೀತಿ ಸಂಬಂಧಿಸಿದುದು. 2012ರಿಂದ ಇಲ್ಲಿ ವಿಳಾಸಗಳನ್ನು ಐರಿನ್ ಸಂಸ್ಥೆಯೂ ಹಂಚುತ್ತಿದೆ.

ಬಿಡಿ ದಾಖಲೆಗಳನ್ನಲ್ಲದೆ ಇಡೀ ಶಾಖೆಯನ್ನೇ ಕಡಿದುಹಾಕಿದ ನಿದರ್ಶನವೂ ಉಂಟು. ಐಪಿವಿ6 ಎಂಬ ಹೊಸ ಪೀಳಿಗೆಯ ಅಂಕವಿಳಾಸಗಳ ವಿಲೋಮಶೋಧಕ್ಕೆಂದು 1995ರಲ್ಲಿ ಗೊತ್ತುಮಾಡಿದ್ದ ‘ಐಪಿ6.ಇಂಟ್’ ಶಾಖೆಯ ಸ್ಥಾನಕ್ಕೆ 2001ರಲ್ಲಿ ‘ಐಪಿ6.ಆರ್ಪಾ’ ಬಂದಿತು, ಆದರೂ ಹಳೆಯದರ ಬಳಕೆಯನ್ನು ವಿಧ್ಯುಕ್ತವಾಗಿ ಕೈಬಿಡಲು 2005ರ ಆರ್‌ಎಫ್‌ಸಿ 4159 ಬೇಕಾಯಿತು.

ಸಂಸ್ಥೆಗಳ ಒಳಜಾಲಗಳಲ್ಲಿ, ಯಂತ್ರಗಳು ತಾವೇ ಹೆಸರು ನೋಂದಾಯಿಸುವ ಪದ್ಧತಿ 1997ರ ಆರ್‌ಎಫ್‌ಸಿ 2136ರಿಂದ ಸಾಧ್ಯವಾದ ಮೇಲೆ ಕಸದ ರಾಶಿ ಇನ್ನೂ ಬೆಳೆಯಿತು. ವಿಂಡೋಸ್ 2000 ಇದಕ್ಕೆ ಪರಿಹಾರವಾಗಿ, ನವೀಕರಣಗೊಳ್ಳದ ನಮೂದುಗಳನ್ನು ಏಳೇಳು ದಿನಗಳ ಎರಡು ಅವಧಿಗಳು ಕಳೆದ ಬಳಿಕ ತೊಡೆಯುವ ಸೌಲಭ್ಯವನ್ನು ಒದಗಿಸಿತಾದರೂ, ಆಡಳಿತಗಾರನು ಅದನ್ನು ತಾನೇ ಚಾಲನೆಗೊಳಿಸಬೇಕಿತ್ತು.

ನೋಂದಣಿ ಸಂಸ್ಥೆಯ ಶೋಧನೆಗೂ ಒಂದು ಮೇರೆಯಿದೆ. ಸರ್ವರು ಉತ್ತರಿಸುವುದೋ ಇಲ್ಲವೋ ಎಂಬುದನ್ನಷ್ಟೆ ಅದು ಪರೀಕ್ಷಿಸಬಲ್ಲುದು. ಉತ್ತರ ಬಂದು, ಆ ಉತ್ತರದಲ್ಲಿರುವ ಹೆಸರು ವರ್ಷಗಳ ಹಿಂದೆಯೇ ತೆಗೆದುಹಾಕಿದ ಯಂತ್ರದ್ದಾಗಿದ್ದರೆ, ಅದನ್ನು ತಿದ್ದುವ ಅಧಿಕಾರವೂ ಹೊಣೆಯೂ ಆ ವಿಳಾಸಖಂಡವನ್ನು ಪಡೆದವನದೇ.