ಕಾರ್ ಕೇರ್: ವೈಪರ್ ನೀರು ಖಾಲಿಯಾಗಿದೆಯಾ? ವಾಷರ್ ಟ್ಯಾಂಕ್ ತುಂಬಿಸುವ ಸರಿಯಾದ ಕ್ರಮ ಇಲ್ಲಿದೆ

ಮುಂಬೈ: ಪೆಟ್ರೋಲ್, ಎಂಜಿನ್ ಆಯಿಲ್, ಟೈರ್ ಗಾಳಿ ಎಲ್ಲವನ್ನೂ ನೋಡಿಕೊಳ್ಳುವ ಕಾರು ಮಾಲೀಕರು ಕೂಡ ಸಾಮಾನ್ಯವಾಗಿ ಮರೆಯುವುದು ವೈಪರ್ ನೀರನ್ನು. ಅದು ಖಾಲಿಯಾಗಿದೆ ಎಂದು ಗೊತ್ತಾಗುವುದು ಹೆಚ್ಚಾಗಿ ರಸ್ತೆ ಮಧ್ಯದಲ್ಲಿ, ಗಾಜು ಮಸುಕಾದ ಮೇಲೆಯೇ.

ಮಲಾಡ್‌ನಂತಹ ಉಪನಗರದಲ್ಲಿ ಇದು ಸಣ್ಣ ವಿಷಯವಲ್ಲ. ಪೂರ್ವದಲ್ಲಿ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ, ಪಶ್ಚಿಮದಲ್ಲಿ ಲಿಂಕ್ ರೋಡ್. ಎರಡೂ ಕಡೆ ವಾಹನಗಳ ಹೊಗೆ, ಕಾಮಗಾರಿಗಳ ಧೂಳು. ಮಾರ್ವೆ, ಆಕ್ಸಾ ಬೀಚ್ ಕಡೆ ಹೋದರೆ ಸಮುದ್ರದ ಉಪ್ಪುಗಾಳಿಯೂ ಗಾಜಿಗೆ ಅಂಟುತ್ತದೆ. ಜೂನ್‌ನಲ್ಲಿ ಮೊದಲ ಮಳೆ ಹನಿ ಬಿದ್ದಾಗ ಈ ಧೂಳಿನ ಮೇಲೆ ವೈಪರ್ ಹಾಕಿದರೆ ಕೆಸರು ಗಾಜಿನ ತುಂಬಾ ಹರಡುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಕಾರು 3 ಸೆಕೆಂಡಿನಲ್ಲಿ ಸುಮಾರು 50 ಮೀಟರ್ ಮುಂದೆ ಹೋಗಿರುತ್ತದೆ. ಅಷ್ಟು ದೂರ ಚಾಲಕನಿಗೆ ಎದುರಿನದು ಕಾಣುವುದೇ ಇಲ್ಲ.

ಅದೃಷ್ಟವಶಾತ್, ಟ್ಯಾಂಕ್ ತುಂಬಿಸಲು ಮೆಕ್ಯಾನಿಕ್ ಬೇಕಿಲ್ಲ. ಮನೆಯಲ್ಲೇ ಐದು ನಿಮಿಷದಲ್ಲಿ ಮಾಡಬಹುದು.

ಮೊದಲು ಸರಿಯಾದ ಟ್ಯಾಂಕ್ ಗುರುತಿಸಿ

ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ. ಎಂಜಿನ್ ತಣ್ಣಗಾದ ಮೇಲೆ ಬಾನೆಟ್ ತೆರೆಯಿರಿ. ಗಾಜಿನ ಮೇಲೆ ನೀರು ಚಿಮ್ಮುವ ಚಿತ್ರವಿರುವ ಮುಚ್ಚಳವೇ ವಾಷರ್ ಟ್ಯಾಂಕ್‌ನದ್ದು. ಹೆಚ್ಚಿನ ಕಾರುಗಳಲ್ಲಿ ಇದು ನೀಲಿ ಅಥವಾ ಕಪ್ಪು ಬಣ್ಣದ್ದಾಗಿರುತ್ತದೆ.

ಇಲ್ಲೇ ಹಲವರು ತಪ್ಪು ಮಾಡುವುದು. ಪಕ್ಕದಲ್ಲೇ ಇರುವ ಕೂಲಂಟ್ ಟ್ಯಾಂಕ್ ಕೂಡ ನೋಡಲು ಹೀಗೇ ಇರಬಹುದು. ಎಂಜಿನ್ ಬಿಸಿಯಿದ್ದಾಗ ಅದರ ಮುಚ್ಚಳ ತೆರೆದರೆ ಕುದಿಯುವ ದ್ರವ ಮುಖಕ್ಕೆ ಚಿಮ್ಮುವ ಅಪಾಯವಿದೆ. ಬ್ರೇಕ್ ಆಯಿಲ್ ಡಬ್ಬಿಗೆ ನೀರು ಸೇರಿದರಂತೂ ಬ್ರೇಕ್ ಕೈಕೊಡಬಹುದು. ಅನುಮಾನವಿದ್ದರೆ ಕಾರಿನ ಮ್ಯಾನುಯಲ್ ನೋಡಿ. ತಪ್ಪಾಗಿ ಬೇರೆ ಟ್ಯಾಂಕ್‌ಗೆ ಸುರಿದಿದ್ದರೆ ಎಂಜಿನ್ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ಕರೆ ಮಾಡಿ.

ತುಂಬಿಸುವುದು ಹೇಗೆ?

1. ಮುಚ್ಚಳದ ಸುತ್ತಲಿನ ಧೂಳನ್ನು ಬಟ್ಟೆಯಿಂದ ಒರೆಸಿ. ಕಸ ಒಳಗೆ ಬಿದ್ದರೆ ನೀರು ಚಿಮ್ಮುವ ನಾಜಲ್ ಕಟ್ಟಿಕೊಳ್ಳುತ್ತದೆ.
2. ವಾಷರ್ ಫ್ಲೂಯಿಡ್ ಎರಡು ಬಗೆಯಲ್ಲಿ ಸಿಗುತ್ತದೆ. ನೇರವಾಗಿ ಸುರಿಯುವಂಥದ್ದು ಒಂದು, ನೀರಿಗೆ ಬೆರೆಸುವ ಗಾಢ ದ್ರವ ಇನ್ನೊಂದು. ಎರಡನೆಯದಾದರೆ ಲೇಬಲ್‌ನಲ್ಲಿ ಹೇಳಿದ ಪ್ರಮಾಣದಲ್ಲೇ ಬೆರೆಸಿ.
3. ಲಾಳಿಕೆ ಇಟ್ಟು ನಿಧಾನವಾಗಿ ಸುರಿಯಿರಿ. ಕತ್ತಿನವರೆಗೆ ಬಂದಾಗ ನಿಲ್ಲಿಸಿ.
4. ಮುಚ್ಚಳ ಬಿಗಿಯಾಗಿ ಹಾಕಿ, ಇಗ್ನಿಷನ್ ಆನ್ ಮಾಡಿ, ವೈಪರ್ ಲಿವರನ್ನು ನಿಮ್ಮ ಕಡೆಗೆ ಎಳೆದು ಪರೀಕ್ಷಿಸಿ.

ಯಾವ ನೀರು ಬೆರೆಸಬೇಕು?

ಸೊಸೈಟಿಯ ಬೋರ್‌ವೆಲ್ ನೀರು ಅಥವಾ ಟ್ಯಾಂಕರ್ ನೀರು ಗಡುಸಾಗಿದ್ದರೆ ಗಾಜಿನ ಮೇಲೆ ಬಿಳಿ ಕಲೆ ಉಳಿಯುತ್ತದೆ, ನಾಜಲ್ ಒಳಗೂ ಉಪ್ಪು ಕಟ್ಟುತ್ತದೆ. ಆರ್‌ಒ ನೀರು ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಉತ್ತಮ.

ಪಾತ್ರೆ ತೊಳೆಯುವ ಲಿಕ್ವಿಡ್, ಶಾಂಪೂ, ಬಟ್ಟೆ ಸೋಪು ಬೇಡ. ಇವು ನೊರೆ ಬರಿಸಿ, ಗಾಜಿನ ಮೇಲೆ ಪದರ ಬಿಡುತ್ತವೆ. ರಾತ್ರಿ ಎದುರಿನ ವಾಹನದ ಲೈಟ್ ಬಿದ್ದಾಗ ಈ ಪದರವೇ ಕಣ್ಣು ಕುಕ್ಕುತ್ತದೆ.

ಬರೀ ನೀರು ಸಾಕಲ್ಲವೇ?

ತುರ್ತಿಗೆ ಸಾಕು, ಆದರೆ ಅದನ್ನೇ ಅಭ್ಯಾಸ ಮಾಡಿಕೊಳ್ಳುವುದು ಬೇಡ. ಟ್ಯಾಂಕ್‌ನಲ್ಲಿ ಬಹಳ ದಿನ ನಿಂತ ನೀರಿನಲ್ಲಿ ಪಾಚಿ, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಬ್ರಿಟನ್‌ನಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಾಷರ್ ಫ್ಲೂಯಿಡ್ ಬಳಸದ ಚಾಲಕರಲ್ಲಿ ಲೀಜನೇರ್ಸ್ ಎಂಬ ನ್ಯುಮೋನಿಯಾದ ಅಪಾಯ ಹೆಚ್ಚಿರುವುದನ್ನು ಗುರುತಿಸಿತ್ತು.

ಹಾಗೆಂದು ವಿದೇಶಿ ಮಾದರಿಯ ಆ್ಯಂಟಿ-ಫ್ರೀಜ್ ಫ್ಲೂಯಿಡ್‌ಗೆ ದುಡ್ಡು ಸುರಿಯಬೇಕಿಲ್ಲ. ಅದು ಬೇಕಾಗುವುದು ನೀರು ಹೆಪ್ಪುಗಟ್ಟುವ ಲಡಾಖ್‌ನಂತಹ ಜಾಗಗಳಲ್ಲಿ ಮಾತ್ರ. ಅಂಥ ಕೆಲವು ಫ್ಲೂಯಿಡ್‌ಗಳಲ್ಲಿ ವಿಷಕಾರಿ ಮೆಥನಾಲ್ ಇರುತ್ತದೆ. ಯಾವ ಬಾಟಲಿಯಾದರೂ ಮಕ್ಕಳ ಕೈಗೆ ಸಿಗದಂತೆ ಇಡಿ.

ತುಂಬಿಸಿದರೂ ನೀರು ಬರುತ್ತಿಲ್ಲವೇ?

ಲಿವರ್ ಎಳೆದಾಗ ಮೋಟರ್ ಸದ್ದು ಕೇಳಿಸಿದರೆ ನಾಜಲ್ ಕಟ್ಟಿಕೊಂಡಿರಬಹುದು ಅಥವಾ ಪೈಪ್ ಕಳಚಿರಬಹುದು. ಸಣ್ಣ ಪಿನ್‌ನಿಂದ ನಾಜಲ್ ತೂತನ್ನು ಮೆಲ್ಲಗೆ ಬಿಡಿಸಿ. ಸದ್ದೇ ಇಲ್ಲದಿದ್ದರೆ ಫ್ಯೂಸ್ ಅಥವಾ ಪಂಪ್ ಹಾಳಾಗಿರಬಹುದು, ಗ್ಯಾರೇಜ್‌ಗೆ ತೋರಿಸಿ. ಖಾಲಿ ಟ್ಯಾಂಕ್‌ನಲ್ಲಿ ಲಿವರ್ ಎಳೆಯುತ್ತಲೇ ಇದ್ದರೆ ಪಂಪ್ ಸುಟ್ಟುಹೋಗುವ ಸಾಧ್ಯತೆಯಿದೆ. ಒಣ ಗಾಜಿನ ಮೇಲೆ ವೈಪರ್ ಓಡಿಸಿದರೆ ಗಾಜಿಗೆ ಗೀರು ಬೀಳುತ್ತದೆ.

ಊರಿಗೆ ಹೊರಡುವ ಮುನ್ನ ನೆನಪಿರಲಿ

ಗಣೇಶ ಚೌತಿಗೆ, ಬೇಸಿಗೆ ರಜೆಗೆ ಮುಂಬೈ ಕನ್ನಡಿಗರಲ್ಲಿ ಹಲವರು ಕಾರಿನಲ್ಲೇ ಉಡುಪಿ, ಮಂಗಳೂರು ಕಡೆ ಹೊರಡುತ್ತಾರೆ. ಪನ್ವೇಲ್‌ನಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದರೆ ಲಾರಿಗಳು ಎರಚುವ ಕೆಸರು, ರಾತ್ರಿ ಗಾಜಿಗೆ ಬಡಿಯುವ ಹುಳುಗಳು ಮಾಮೂಲು. ಹೊರಡುವ ಹಿಂದಿನ ದಿನವೇ ಟ್ಯಾಂಕ್ ತುಂಬಿಸಿ, ಡಿಕ್ಕಿಯಲ್ಲಿ ಒಂದು ಬಾಟಲಿ ಹೆಚ್ಚುವರಿ ಇಟ್ಟುಕೊಳ್ಳಿ. ದಾರಿಯಲ್ಲಿ ಖಾಲಿಯಾದರೆ ಹೆದ್ದಾರಿ ಬದಿಯಲ್ಲಿ ಇಳಿಯಬೇಡಿ. ಹತ್ತಿರದ ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿ ಒದ್ದೆ ಬಟ್ಟೆಯಿಂದ ಗಾಜು ಒರೆಸಿ.

ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಟ್ಯಾಂಕ್ ನೋಡುವ ಅಭ್ಯಾಸ ಮಾಡಿಕೊಂಡರೆ, ಗಾಜು ಮಸುಕಾದಾಗ ಲಿವರ್ ಎಳೆದು ಕೈಚೆಲ್ಲಿ ಕೂರುವ ಪರಿಸ್ಥಿತಿ ಬರುವುದಿಲ್ಲ.