ಕಾಲವು ದ್ರವ್ಯವೋ, ತತ್ತ್ವವೋ? — ಮೂಡಬಿದಿರೆಯ ಓಲೆಗಳೂ ಶೈವಾಗಮವೂ

ಶ್ರೀಮಠದ ವರ್ಷಗಳನ್ನೆಣಿಸಿ ಮಹೋತ್ಸವವನ್ನಾಚರಿಸುವ ಈ ಶುಭಸಂದರ್ಭದಲ್ಲಿ, ಎಣಿಕೆಗೆ ಸಿಕ್ಕುವ ಈ ಕಾಲವೆಂಬುದು ಎಂತಹ ವಸ್ತು ಎಂಬ ಪ್ರಶ್ನೆಯನ್ನು ಭಕ್ತಮಹಾಶಯರ ಮುಂದಿಡುವದು ಅನುಚಿತವಾಗಲಾರದೆಂದು ನಂಬಿದ್ದೇನೆ. ವಿಶ್ವಕ್ಕೆ ಕಾಲವು ಮೂಲದಲ್ಲಿಯೇ ಸೇರಿದುದೋ, ಅಥವಾ ಬೇರೊಂದು ಮೂಲದಿಂದ ಹುಟ್ಟಿ ಆಮೇಲೆ ತೋರುವಂತಹದೋ? ಈ ವಿವಾದವು ಪಾಶ್ಚಾತ್ಯ ವಿಜ್ಞಾನಿಗಳಲ್ಲಿ ಬಲವಾಗಿ ನಡೆದಿದ್ದರೂ ಕನ್ನಡನಾಡಿಗೆ ಹೊಸತಲ್ಲ. ತುಳುನಾಡಿನ ಮೂಡಬಿದಿರೆಯಲ್ಲಿ ಇದರ ಒಂದು ಪಕ್ಷವು ತಾಳೆಯೋಲೆಗಳಲ್ಲಿ ಶತಮಾನಗಳವರೆಗೆ ಮೌನವಾಗಿ ಕುಳಿತಿದ್ದಿತು.

ಮೂಡಬಿದಿರೆಯೆಂದೊಡನೆ ಯಾತ್ರಿಕರಿಗೆ 1430ರಲ್ಲಿ ಕಟ್ಟಿದ ಸಾವಿರಕಂಬದ ಬಸದಿಯು ನೆನಪಾಗುವದು. ಆದರೆ ಪಂಡಿತರಿಗೆ ಅಲ್ಲಿಯ ಗುರುಬಸದಿಯೇ ದೊಡ್ಡದು. ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮವೂ, ಅದಕ್ಕೆ ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ರಚಿಸಿದ ಧವಳಾ ಟೀಕೆಯೂ ಉಳಿದುಬಂದದ್ದು ಅಲ್ಲಿಯೇ. ಭಾಷೆಯು ಪ್ರಾಕೃತ ಸಂಸ್ಕೃತಗಳ ಮಿಶ್ರಣ. ಲಿಪಿಯು ಮಾತ್ರ ನಮ್ಮ ಹಳಗನ್ನಡದ್ದು. ಯಾತ್ರಿಕರು ದೂರದಿಂದ ದರ್ಶನಮಾಡಿ ಕೈಮುಗಿದು ಹೋಗುತ್ತಿದ್ದರೇ ಹೊರತು ಓದುವವರಿರಲಿಲ್ಲ. 1896ರ ಸುಮಾರಿಗೆ ಪ್ರತಿಮಾಡುವ ಕಾರ್ಯವು ಮೊದಲಾಗಿ 1922ರವರೆಗೆ ನಡೆಯಿತು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಳೆಯ ಪ್ರಥಮ ಸಂಪುಟವು 1939ರಲ್ಲಿ ಅಚ್ಚಾಗಿ, ಮುಂದೆ ಒಟ್ಟು 16 ಸಂಪುಟಗಳಾದವು. ಪೂಜೆಗೊಳ್ಳುತ್ತಿದ್ದ ಗ್ರಂಥವು ಪಠ್ಯವಾಗುವದಕ್ಕೆ ಇಷ್ಟು ಶ್ರಮವು ಬೇಕಾಯಿತೆಂಬುದನ್ನು ಓಲೆಗಳ ಸಂಗ್ರಹವುಳ್ಳ ಮಠಗಳವರೆಲ್ಲರೂ ಮನಗಾಣತಕ್ಕದ್ದು.

ಆ ಆಗಮದಲ್ಲಿ ಕಾಲಾನುಗಮವೆಂಬ ಒಂದು ಅಧಿಕಾರವೇ ಇದೆ. ದಿಗಂಬರ ಸಿದ್ಧಾಂತದಂತೆ ಜೀವ, ಪುದ್ಗಲ, ಧರ್ಮ, ಅಧರ್ಮ, ಆಕಾಶ, ಕಾಲ ಎಂದು ದ್ರವ್ಯಗಳು ಆರು. (ಇಲ್ಲಿ ಧರ್ಮಾಧರ್ಮಗಳೆಂದರೆ ಪುಣ್ಯಪಾಪಗಳಲ್ಲ, ಚಲನೆಗೂ ನಿಲುಗಡೆಗೂ ಆಸರೆಯಾದ ದ್ರವ್ಯಗಳು.) ಕಾಲವನ್ನು ಯಾರೂ ಸೃಷ್ಟಿಸಲಿಲ್ಲ. ಲೋಕಾಕಾಶದ ಒಂದೊಂದು ಪ್ರದೇಶದಲ್ಲಿಯೂ ಒಂದೊಂದು ಕಾಲಾಣುವು ರತ್ನರಾಶಿಯಲ್ಲಿಯ ರತ್ನಗಳಂತೆ ಬೇರೆಬೇರೆಯಾಗಿ ನಿಂತಿದೆ. ಅವು ಒಂದರೊಡನೊಂದು ಬೆರೆಯುವದಿಲ್ಲ. ವಸ್ತುಗಳ ಪರಿಣಾಮಕ್ಕೆ ನಿಮಿತ್ತವಾಗುವದೇ ಅವುಗಳ ಕಾರ್ಯ. ಇದು ನಿಶ್ಚಯಕಾಲ. ಸಮಯ, ಮುಹೂರ್ತ, ದಿನ, ವರ್ಷಗಳೆಂಬುದು ವ್ಯವಹಾರಕಾಲ. ಬೆಳ್ತಂಗಡಿ ಸೀಮೆಯ ವೇಣೂರಿನ ಗೊಮ್ಮಟನನ್ನು 1604ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದನೆನ್ನುವಾಗಲೂ, 1923ರಲ್ಲಿ ನೇತ್ರಾವತಿಯ ನೆರೆಯು ಬಂಟವಾಳದ ಪೇಟೆಯನ್ನು ಮುಳುಗಿಸಿತೆನ್ನುವಾಗಲೂ ನಾವು ಹೇಳುವದು ಈ ಎರಡನೆಯದನ್ನೇ. ಜೈನರೆಲ್ಲರೂ ಇದರಲ್ಲಿ ಏಕಮತದವರೆಂದು ಮಾತ್ರ ತಿಳಿಯಬಾರದು. ಕಾಲವು ಪ್ರತ್ಯೇಕ ದ್ರವ್ಯವೆಂಬುದು ಕೆಲವರ ಮತವಷ್ಟೇ ಎಂಬ ಅರ್ಥದ ಪಾಠವು ಶ್ವೇತಾಂಬರರ ತತ್ತ್ವಾರ್ಥಸೂತ್ರದಲ್ಲಿದೆ.

ನಮ್ಮ ಶೈವಾಗಮಗಳು ಹಿಡಿದ ದಾರಿಯು ಬೇರೆ. ಅವು ಹೇಳುವ 36 ತತ್ತ್ವಗಳಲ್ಲಿ ಕಾಲಕ್ಕೆ ಸ್ಥಾನವುಂಟು, ಆದರೆ ಅಗ್ರಸ್ಥಾನವಿಲ್ಲ. ಮಾಯೆಯಿಂದ ಕಲಾ, ಕಾಲ, ನಿಯತಿ, ವಿದ್ಯಾ, ರಾಗಗಳೆಂಬ ಐದು ಕಂಚುಕಗಳು ಹೊರಡುವವು. ಕಂಚುಕವೆಂದರೆ ಅಂಗಿ. ಅಖಂಡವಾದುದನ್ನು ಹಿಂದೆ, ಈಗ, ಮುಂದೆ ಎಂದು ಕತ್ತರಿಸಿ ಜೀವನಿಗೆ ತೊಡಿಸುವದೇ ಕಾಲದ ಕೆಲಸ. ಶಿವನು ಆ ಅಂಗಿಯನ್ನು ತೊಟ್ಟವನಲ್ಲ.

ಇದು ಬರಿಯ ಪದಗಳ ಜಗಳವಲ್ಲ. ಕಾಲವು ಅನಾದಿದ್ರವ್ಯವಾದರೆ ಮುಕ್ತನಾದವನೂ ಅದರ ಸಂಗದಿಂದ ತಪ್ಪಲಾರನು. ಲೋಕಾಗ್ರದಲ್ಲಿ ನೆಲೆಸಿದ ಸಿದ್ಧರಲ್ಲಿಯೂ ಸೂಕ್ಷ್ಮವಾದ ಪರಿಣಾಮವು ಕ್ಷಣಕ್ಷಣಕ್ಕೂ ನಡೆಯುತ್ತಲೇ ಇರುವದೆಂದು ಜೈನರು ಒಪ್ಪುತ್ತಾರೆ. ಕಾಲವು ಮಾಯಾಜನ್ಯವಾದರೆ ಲಿಂಗೈಕ್ಯದಲ್ಲಿ ಅದು ಕಳಚಿಬೀಳಲೇಬೇಕು. ಶರಣರು ತಿಥಿವಾರಗಳ ಶುಭಾಶುಭವನ್ನು ಲೆಕ್ಕಿಸದೆ ಹೋದುದಕ್ಕೆ ಈ ನಿಲವೂ ಒಂದು ಬಲವಾಗಿದ್ದೀತೆಂದು ನನ್ನ ಊಹೆ.

ಈ ಎರಡು ಪಕ್ಷಗಳಲ್ಲಿಯೂ ಕಾಲಿಟ್ಟವನೆಂದು ಹೆಸರಾದವನು ಮೂಡಬಿದಿರೆಯ ರತ್ನಾಕರವರ್ಣಿ, 16ನೆಯ ಶತಮಾನದವನು. ಅವನ ಭರತೇಶವೈಭವಕ್ಕೆ ಆನೆಯ ಮೇಲಿನ ಮೆರವಣಿಗೆಯು ದೊರೆಯದಿರಲು ಮುನಿದು ವೀರಶೈವನಾದನೆಂದೂ, ತರುವಾಯ ಪೂರ್ವಮತಕ್ಕೆ ಮರಳಿದನೆಂದೂ ದೇವಚಂದ್ರನ ರಾಜಾವಳಿಕಥೆಯ ಮೂಲಕ ಬಂದ ಹೇಳಿಕೆಯಿದೆ. ಇದನ್ನು ಕೇಳಿ ನಮ್ಮವರು ಹಿಗ್ಗುವದೂ ಅವರು ಕುಗ್ಗುವದೂ ಸಲ್ಲದು; ಹೋದವನೂ ಅವನೇ, ಮರಳಿದವನೂ ಅವನೇ.

ಪಶ್ಚಿಮದಲ್ಲಿ ನ್ಯೂಟನನು 1687ರಲ್ಲಿ ಕಾಲವು ಸ್ವತಂತ್ರವಾಗಿ ಸಮನಾಗಿ ಹರಿಯುವದೆಂದನು. ಇದು ಜೈನಪಕ್ಷಕ್ಕೆ ಸಮೀಪವೆಂದು ತೋರಿದರೂ ಅವನ ಕಾಲವು ಒಂದೇ ಪ್ರವಾಹ, ಇವರದು ಅಸಂಖ್ಯಾತ ಅಣುಗಳು. 1905ರಲ್ಲಿ ಐನ್‌ಸ್ಟೈನನು ಎಲ್ಲರಿಗೂ ಒಂದೇ ಆದ ‘ಈಗ’ ಎಂಬುದಿಲ್ಲವೆಂದು ತೋರಿಸಿದನು. ವ್ಹೀಲರ್, ಡಿವಿಟ್ ಎಂಬವರ ಹೆಸರಿನಿಂದ ಪ್ರಸಿದ್ಧವಾಗಿ 1967ರಲ್ಲಿ ಪ್ರಕಟವಾದ ವಿಶ್ವಸಮೀಕರಣದಲ್ಲಿ ಕಾಲದ ಅಕ್ಷರವೇ ಕಾಣದು. ಅದರಿಂದ ಕಾಲವು ಮೂಲವಲ್ಲವೆಂದು ಕೆಲವರೂ, ಸಮೀಕರಣವೇ ಅಪೂರ್ಣವೆಂದು ಕೆಲವರೂ ವಾದಿಸುತ್ತಾರೆ. ಆಗಮಕಾರರು ಇದನ್ನು ಮುಂದಾಗಿಯೇ ಕಂಡಿದ್ದರೆಂದು ಕೊಚ್ಚಿಕೊಳ್ಳುವ ಚಪಲವು ನನಗಿಲ್ಲ. ಅವರು ಹುಡುಕಿದ್ದು ಬಿಡುಗಡೆಯನ್ನು, ಸಮೀಕರಣವನ್ನಲ್ಲ.

ಜೈನನು ನಮ್ಮನ್ನು ಕೇಳಬಹುದಾದ ಕಠಿಣವಾದ ಪ್ರಶ್ನೆಯೊಂದಿದೆ: ಕಾಲವು ಮಾಯೆಯಿಂದ ಹುಟ್ಟಿತೆಂದರೆ, ಹುಟ್ಟುವ ಮೊದಲು ಇರಲಿಲ್ಲವೆಂದಾಯಿತು, ‘ಮೊದಲು’ ಎಂಬುದೇ ಕಾಲವಲ್ಲವೆ? ಇದಕ್ಕೆ ಶೈವನು ಹೇಳತಕ್ಕ ಉತ್ತರವು ದೀಪದಲ್ಲಿದೆ. ಬೆಳಕು ದೀಪದಿಂದ ಬಂದುದು ನಿಜ. ಆದರೆ ದೀಪವು ಉರಿದು ಬೆಳಕಿಲ್ಲದ ಗಳಿಗೆಯೊಂದು ಇದ್ದಿತೆಂದು ಯಾರೂ ಹೇಳರು. ತತ್ತ್ವಗಳ ಕ್ರಮವು ಆಶ್ರಯದ ಕ್ರಮ, ಗಳಿಗೆಗಳ ಕ್ರಮವಲ್ಲ. ಪ್ರತಿಯಾಗಿ ನಾವೂ ಕೇಳಬಹುದು: ಕಾಲಾಣುಗಳೇ ಇಲ್ಲದ ಅಲೋಕಾಕಾಶದಲ್ಲಿ ಪರಿಣಾಮವು ಹೇಗೆ? ಆಕಾಶವು ಅಖಂಡವಾದುದರಿಂದ, ಕುಂಬಾರನ ತಿಗರಿಗೆ ಕೆಳಗಿನ ಗೂಟವೊಂದೇ ಸಾಕಾಗುವಂತೆ, ಒಂದೆಡೆಯ ಕಾಲವು ಸರ್ವಕ್ಕೂ ಸಾಕೆಂದು ಅವರ ಉತ್ತರ.