ಕಣದ ಧೂಳೂ ಕೈಗಡಿಯಾರವೂ

ಕಳೆದ ಬೇಸಿಗೆಯಲ್ಲಿ ಸಿಂದಗಿಯ ಪೇಟೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದುರಾದ. ಈಗ ಆತ ಇಂಡಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕ. ಕುಶಲಪ್ರಶ್ನೆಗಳು ಮುಗಿದ ಮೇಲೆ, "ಸರ್, ಹುಡುಗರನ್ನ ಬಯಲಾಗ ಓಡಿಸಬೇಕು, ಸೈಕಲ್ ಹೊಡಸಬೇಕು. ಸೋವಿ ಇರಬೇಕು, ಗಟ್ಟೀನೂ ಇರಬೇಕು, ಅಂಥಾ ವಾಚು ಯಾವುದು ಹೇಳ್ರಿ" ಎಂದು ಕೇಳಿದ. ಮೂವತ್ತು ವರ್ಷ ಪಂಪ-ರನ್ನರನ್ನು ಪಾಠ ಹೇಳಿದವನನ್ನು ಗಡಿಯಾರದ ವಿಷಯ ಕೇಳುವುದೆಂದರೇನು? ಆದರೆ ಅವನ ಕಣ್ಣಿನಲ್ಲಿ ಸಣ್ಣದೊಂದು ನಗೆಯಿತ್ತು. ಮುದ್ದೇಬಿಹಾಳ ತಾಲ್ಲೂಕಿನ ಒಂದು ಜಾತ್ರೆಯಲ್ಲಿ ನಾನು ಗಡಿಯಾರ ಹಿಡಿದು ನಿಂತ ಕಥೆ ಅವನಿಗೆ ಗೊತ್ತು. ಅದನ್ನು ಮುಂದೆ ಹೇಳುತ್ತೇನೆ. ಅಂದು ಅವನಿಗೆ ಥಟ್ಟನೆ ಉತ್ತರ ಕೊಡಲಾಗಲಿಲ್ಲ. ಮನೆಗೆ ಬಂದು ಯೋಚಿಸುತ್ತ ಕುಳಿತಾಗ, ಆ ಚಿಕ್ಕ ಪ್ರಶ್ನೆಯ ಹಿಂದೆ ದೊಡ್ಡದೊಂದು ಚರಿತ್ರೆ ನಿಂತಿರುವುದು ಕಂಡಿತು.

ನಮ್ಮ ಕಡೆ ಗಂಟೆ ಎನ್ನುವುದಕ್ಕಿಂತ ತಾಸು ಎನ್ನುವುದೇ ರೂಢಿ. ತಾಸ್ ಎಂದರೆ ಫಾರಸಿಯಲ್ಲಿ ಬಟ್ಟಲು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ, ಅದು ತುಂಬಿ ಮುಳುಗುವುದಕ್ಕೆ ಹಿಡಿಯುವ ಹೊತ್ತೇ ಒಂದು ಗಳಿಗೆ, ಎಂದರೆ ಇಂದಿನ ಲೆಕ್ಕದಲ್ಲಿ 24 ನಿಮಿಷ. ದಿನಕ್ಕೆ ಅಂಥವು 60. ಬಟ್ಟಲು ಮುಳುಗಿದಾಗ ಕಂಚಿನ ತಟ್ಟೆಯನ್ನು ಬಾರಿಸಿ ಊರಿಗೆ ತಿಳಿಸುತ್ತಿದ್ದರು. ಘಟಿಕೆ ನಮ್ಮ ಬಾಯಲ್ಲಿ ಗಳಿಗೆಯಾಯಿತು. ಬಟ್ಟಲಿನ ಹೆಸರು ಕಾಲದ ಹೆಸರಾಗಿ ಮರಾಠಿಯಲ್ಲಿಯೂ ನಮ್ಮ ಉತ್ತರದ ಕನ್ನಡದಲ್ಲಿಯೂ ನಿಂತಿತು. ಬಟ್ಟಲು ಹೋಯಿತು, ಮಾತು ಉಳಿಯಿತು.

ಈ ಬಟ್ಟಲಿನ ಕುರಿತು ಲೀಲಾವತಿಯ ದಂತಕಥೆಯೊಂದಿದೆ. ಭಾಸ್ಕರಾಚಾರ್ಯನು ತನ್ನ ಊರನ್ನು ವಿಜ್ಜಡವಿಡ ಎಂದು ಕರೆದುಕೊಂಡಿದ್ದಾನೆ. ಅದು ನಮ್ಮ ಬಿಜಾಪುರವೇ ಎನ್ನುವವರಿದ್ದಾರೆ, ಖಾನದೇಶದ ಪಾಟಣದ ಬಳಿಯದೆನ್ನುವವರೂ ಇದ್ದಾರೆ. ಆ ಜಗಳ ನಮಗೆ ಇಲ್ಲಿ ಬೇಡ. ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ 'ಲೀಲಾವತಿ'ಯನ್ನು ಫಾರಸಿಗೆ ಇಳಿಸಿದಾಗ ಈ ಕಥೆಯನ್ನು ಹೇಳಿದ. ಮಗಳ ಮದುವೆಯ ಮುಹೂರ್ತಕ್ಕೆಂದು ತಂದೆ ಗಳಿಗೆಬಟ್ಟಲನ್ನಿಟ್ಟಿದ್ದನಂತೆ. ಹುಡುಗಿ ಕುತೂಹಲದಿಂದ ಬಗ್ಗಿ ನೋಡುವಾಗ ಆಭರಣದ ಮುತ್ತೊಂದು ಜಾರಿ ಬಟ್ಟಲಿಗೆ ಬಿದ್ದು ತೂತನ್ನು ಮುಚ್ಚಿತು. ಬಟ್ಟಲು ಮುಳುಗಲಿಲ್ಲ, ಮುಹೂರ್ತ ಮೀರಿಹೋಯಿತು. ಕಥೆ ನಿಜವಿರಲಿ ಬಿಡಲಿ, ಗಡಿಯಾರವನ್ನು ದುರಸ್ತಿ ಮಾಡುವ ಯಾರೂ ಅದನ್ನು ಅಲ್ಲಗಳೆಯಲಾರರು. ಒಂದು ಕಣ ಒಳಗೆ ಹೊಕ್ಕರೆ ಸಾಕು, ಅದು ಮುತ್ತಾದರೇನು, ಎರೆಮಣ್ಣಿನ ಧೂಳಾದರೇನು, ಕಾಲ ನಿಂತುಬಿಡುತ್ತದೆ.

ಹಳ್ಳಿಯ ಬದುಕಿಗೆ ಗಳಿಗೆಬಟ್ಟಲೂ ಬೇಕಾಗಿರಲಿಲ್ಲ. ಕೋಳಿ ಕೂಗಿದ ಹೊತ್ತು, ದನ ಬಿಡುವ ಹೊತ್ತು, ನೆರಳು ಕಾಲಡಿಗೆ ಬಂದ ಹೊತ್ತು, ಇಷ್ಟರಲ್ಲಿ ದಿನ ಸಾಗುತ್ತಿತ್ತು. ಹೊಟಗಿಯಿಂದ ಗದಗಿಗೆ 1880ರ ದಶಕದಲ್ಲಿ ಹಾಕಿದ ರೈಲುದಾರಿ ನಿಮಿಷವೆಂಬುದನ್ನು ನಮ್ಮ ಎರೆಯ ಸೀಮೆಗೆ ತಂದಿತು. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳ ಗೋಡೆಗಡಿಯಾರ ರೈತನ ನೆರಳಿಗೆ ಒಪ್ಪುತ್ತಿರಲಿಲ್ಲ. ಅದಕ್ಕೆ ಕಾರಣವುಂಟು. 1906ರಿಂದ ಜಾರಿಗೆ ಬಂದ ಭಾರತೀಯ ಪ್ರಮಾಣಕಾಲವು ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ್ದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳು ಎಪ್ಪತ್ತಾರರ ಆಸುಪಾಸಿನವು. ಡಿಗ್ರಿಗೆ ನಾಲ್ಕು ನಿಮಿಷದಂತೆ ಎಣಿಸಿದರೆ, ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಸರಾಸರಿ 12 ಗಂಟೆ 26 ನಿಮಿಷ ಆಗಿರುತ್ತದೆ. ಶರ್ಯತ್ತಿಗೆ ಹನ್ನೆರಡಕ್ಕೆ ಬಾ ಎಂದರೆ ನೆರಳನ್ನು ನಂಬಿದವನು ಅರ್ಧ ತಾಸು ತಡವಾಗಿ ಬರುತ್ತಿದ್ದ, ಪಟ್ಟಣದವರು ಅವನನ್ನು ಮೈಗಳ್ಳನೆಂದು ಬೈಯುತ್ತಿದ್ದರು. ಮುಂಬಯಿ ನಗರವೇ ತನ್ನ ಹಳೆಯ ಕಾಲವನ್ನು 1955ರ ವರೆಗೆ ಬಿಟ್ಟಿರಲಿಲ್ಲವೆಂಬುದನ್ನು ಬೈದವರು ಬಲ್ಲರೆ?

ಕರೆದ ಹೊತ್ತಿಗೆ ಬರುವುದು ಒಂದು ಮಾತು, ಆಟದ ಹೊತ್ತನ್ನು ಅಳೆಯುವುದು ಬೇರೊಂದು ಮಾತು. ಬಾಗೇವಾಡಿಯಲ್ಲಿ ಶ್ರಾವಣದ ಬಸವೇಶ್ವರ ಜಾತ್ರೆಯ ಕುಸ್ತಿಗೆ ಗಡಿಯಾರ ಅಷ್ಟಾಗಿ ಬೇಕಿಲ್ಲ, ಬೆನ್ನು ಮಣ್ಣಿಗೆ ತಗುಲಿದ್ದು ಎಲ್ಲರಿಗೂ ಕಾಣುತ್ತದೆ. ಎತ್ತುಗಳು ಭಾರದ ಕಲ್ಲನ್ನು ಎಳೆಯುವ ಸ್ಪರ್ಧೆ ಹಾಗಲ್ಲ. ಇಂತಿಷ್ಟು ನಿಮಿಷದಲ್ಲಿ ಯಾವ ಜೋಡಿ ಹೆಚ್ಚು ದೂರ ಎಳೆಯಿತು ಎಂಬುದರ ಮೇಲೆ ಸೋಲು ಗೆಲುವು. ದೂರಕ್ಕೆ ಹಗ್ಗದ ಅಳತೆಯುಂಟು, ಅದನ್ನು ಹತ್ತು ಜನ ನೋಡಬಹುದು. ಹೊತ್ತು ಮಾತ್ರ ಒಬ್ಬನ ಮುಂಗೈಯಲ್ಲಿರುತ್ತದೆ. ಆ ಒಬ್ಬನ ಗಡಿಯಾರ ಸುಳ್ಳಾದರೆ ಒಂದು ವರ್ಷ ಹಿಂಡಿ ತಿನ್ನಿಸಿ ಎತ್ತು ಸಾಕಿದವನ ಶ್ರಮವೆಲ್ಲ ಸುಳ್ಳಾಯಿತು. (ಈ ಆಟಗಳಲ್ಲಿ ಮೂಕಪ್ರಾಣಿಗೆ ಆಗುವ ಹಿಂಸೆ ನ್ಯಾಯಾಲಯಗಳ ವರೆಗೆ ಹೋದದ್ದು ಸರಿಯಾಗಿಯೇ ಇದೆ. 2017ರ ಕರ್ನಾಟಕದ ತಿದ್ದುಪಡಿಯನ್ನು ಸರ್ವೋಚ್ಚ ನ್ಯಾಯಾಲಯ 2023ರ ಮೇ ತಿಂಗಳಲ್ಲಿ ಎತ್ತಿ ಹಿಡಿದ ಮೇಲೆ ಕಂಬಳ, ಎತ್ತಿನ ಓಟಗಳು ನಿಬಂಧನೆಗಳೊಡನೆ ನಡೆಯುತ್ತಿವೆ.)

ಬಯಲಾಟಕ್ಕೆ ಒಗ್ಗುವ ಕೈಗಡಿಯಾರದ ಚರಿತ್ರೆಯಲ್ಲಿ ನಮ್ಮ ದೇಶಕ್ಕೆ ವಿಚಿತ್ರವಾದ ಸ್ಥಾನವಿದೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಗಡಿಯಾರ ಕಿಸೆಯಿಂದ ಮುಂಗೈಗೆ ಏರಿತಷ್ಟೆ. ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಪೋಲೋ ಆಡುವಾಗ ಅದರ ಗಾಜು ಒಡೆಯುತ್ತಿತ್ತು. ಅವರ ದೂರಿನಿಂದ ಹುಟ್ಟಿದ್ದು ಮುಖವನ್ನು ಮಗುಚಿ ಬೆನ್ನನ್ನು ಹೊರಗೆ ಮಾಡಬಲ್ಲ ರಿವರ್ಸೋ ಗಡಿಯಾರ. 1931ರಲ್ಲಿ ಪ್ಯಾರಿಸಿನಲ್ಲಿ ಅದರ ಪೇಟೆಂಟಿಗೆ ಅರ್ಜಿ ಬಿತ್ತು. ಸಾಹೇಬರ ಕುದುರೆಯಾಟಕ್ಕೆ ಗಟ್ಟಿ ಗಡಿಯಾರ ಬಂದಿತು, ಎತ್ತು ಹೂಡುವವನಿಗೆ ಬರಲಿಲ್ಲ. ನನ್ನ ಬಾಲ್ಯದಲ್ಲಿ ವೆಸ್ಟ್ ಎಂಡ್, ಫಾವ್ರ್ ಲೂಬಾ ಎಂಬ ಹೆಸರುಗಳನ್ನು ಗೌಡರ, ವಕೀಲರ, ಸಾಹುಕಾರರ ಮನೆಗಳಲ್ಲಿ ಮಾತ್ರ ಕೇಳಬಹುದಾಗಿತ್ತು.

ಆ ಗೋಡೆಯನ್ನು ಒಡೆದದ್ದು ಬೆಂಗಳೂರು. ಹಿಂದೂಸ್ತಾನ್ ಮಷಿನ್ ಟೂಲ್ಸ್ ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಅಲ್ಲಿ ಕೈಗಡಿಯಾರ ತಯಾರಿಸಲು ತೊಡಗಿತು. 1978ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆ ಎದ್ದಿತು. ಅದರ ಒಂದು ಮಾದರಿಯ ಹೆಸರೇ ಜನತಾ. ದಿನಕ್ಕೊಮ್ಮೆ ಕೀಲಿ ಕೊಡಬೇಕು. ಒಳಗೆ ಹದಿನೇಳು ಹರಳು. ತೂಗುಚಕ್ರ ಗಂಟೆಗೆ 18,000 ಬಾರಿ ಮಿಡಿಯುತ್ತದೆ, ಎಂದರೆ ಸೆಕೆಂಡಿಗೆ ಐದು. ಮುಖದ ಮೇಲೆ ಪ್ಯಾರಾ ಶಾಕ್ ಎಂದು ಬರೆದಿರುತ್ತಿತ್ತು. ಈ ಎರಡು ಪದಗಳ ಅರ್ಥ ತಿಳಿಯುವುದಕ್ಕೆ ನಾನು ದೊಡ್ಡ ಬೆಲೆ ತೆರಬೇಕಾಯಿತು. ಯಂತ್ರಗಡಿಯಾರದ ಜೀವವಿರುವುದು ತೂಗುಚಕ್ರದ ಅಚ್ಚಿನ ತುದಿಯಲ್ಲಿ. ಆ ತುದಿ ಕೂದಲೆಳೆಯ ಹಾಗೆ ತೆಳು. ಪೆಟ್ಟು ಬಿದ್ದರೆ ಮುರಿಯುವುದು ಅದೇ. ಅದು ಕೂತಿರುವ ಹರಳನ್ನು ಸಣ್ಣ ಸ್ಪ್ರಿಂಗಿನಿಂದ ಹಿಡಿದಿಟ್ಟರೆ, ಪೆಟ್ಟು ಬಿದ್ದಾಗ ಹರಳು ಕೊಂಚ ಸರಿದು ಮತ್ತೆ ತನ್ನ ಜಾಗಕ್ಕೆ ಬರುತ್ತದೆ, ಅಚ್ಚು ಉಳಿಯುತ್ತದೆ. ಈ ಏರ್ಪಾಟು ಇಲ್ಲದ ಗಡಿಯಾರಕ್ಕೆ ಚಿನ್ನದ ಲೇಪವಿದ್ದರೂ ಕಣದಲ್ಲಿ ಅದು ಗಾಜಿನ ಬಳೆಯೇ ಸರಿ.

ನನ್ನ ಬಳಿ ಇದ್ದದ್ದು ಅಂಥದೇ ಬಳೆ. ಮದುವೆಯಲ್ಲಿ ಮಾವನವರು ಕೊಟ್ಟ ತೆಳುವಾದ, ಹೊಳೆಯುವ ವಿದೇಶಿ ಗಡಿಯಾರ. ಅದರ ಹೆಸರು ಹೇಳಿ ಪ್ರಯೋಜನವಿಲ್ಲ, ತಪ್ಪು ಅದನ್ನು ಬಯಲಿಗೆ ಒಯ್ದವನದು. 1987ರ ಬೇಸಿಗೆ. ಮುದ್ದೇಬಿಹಾಳ ತಾಲ್ಲೂಕಿನ ಒಂದು ಊರಿನ ಜಾತ್ರೆಗೆ ಹೋಗಿದ್ದೆ. ಕಲ್ಲು ಎಳೆಯುವ ಸ್ಪರ್ಧೆಗೆ ಪಂಚರು ಬೇಕಾಗಿದ್ದರು. ಕಾಲೇಜಿನ ಮಾಸ್ತರರು ಸುಳ್ಳು ಹೇಳುವವರಲ್ಲ, ಅವರ ವಾಚೂ ಬೆಲೆಯದು ಎಂದು ಹಿರಿಯರು ನನ್ನ ಕೈ ಹಿಡಿದು ಕಣಕ್ಕೆ ಇಳಿಸಿದರು. ನಿಜ ಹೇಳಬೇಕೆಂದರೆ ನನಗೂ ಹೆಮ್ಮೆಯೇ ಆಯಿತು. ಪ್ರತಿ ಜೋಡಿಗೆ ಐದು ನಿಮಿಷ. ಮೂರು ಜೋಡಿ ಮುಗಿದವು. ನಾಲ್ಕನೆಯದು ಒಬ್ಬ ಮುದುಕ ರೈತನದು, ಬಿಳಿಯ ಎತ್ತುಗಳು. ಅವು ಕಲ್ಲನ್ನು ಎಳೆದ ರೀತಿ ನೋಡಿ ಜನ ಉಸಿರು ಬಿಗಿಹಿಡಿದಿದ್ದರು. ನಡುವೆ ಒಂದು ಎತ್ತು ಪಕ್ಕಕ್ಕೆ ಹೊರಳಿತು, ಜನ ಹಿಂದಕ್ಕೆ ನುಗ್ಗಿದರು, ನನ್ನ ಕೈ ಅಲ್ಲಿ ನಿಲ್ಲಿಸಿದ್ದ ಬಂಡಿಯ ಗಾಲಿಗೆ ಬಡಿಯಿತು. ನೋವನ್ನು ಮರೆತು ಆಟವನ್ನು ನೋಡುತ್ತ ನಿಂತೆ. ಮತ್ತೆ ಗಡಿಯಾರ ನೋಡಿದಾಗ ಮೂರು ನಿಮಿಷ ಚಿಲ್ಲರೆ ಆಗಿತ್ತು. ಸ್ವಲ್ಪ ತಡೆದು ನೋಡಿದೆ, ಆಗಲೂ ಅಷ್ಟೇ. ಸೆಕೆಂಡಿನ ಮುಳ್ಳು ನಿಂತಿತ್ತು.

ಕೂಗಾಟವಾಯಿತು. ಶಾಲೆಯ ಆಟದ ಮಾಸ್ತರರೊಬ್ಬರ ಕೈಯಲ್ಲಿ ಜನತಾ ಇತ್ತು, ಆದರೆ ಆ ಜೋಡಿ ಹೊರಟ ಕ್ಷಣವನ್ನು ಅವರು ಗುರುತು ಮಾಡಿರಲಿಲ್ಲ, ಮಾಡುವ ಕಾರಣವೂ ಇರಲಿಲ್ಲ. ಕಡೆಗೆ ಪಂಚರು ಮುದುಕನ ಎತ್ತುಗಳನ್ನು ಮತ್ತೊಮ್ಮೆ ಎಳೆಸಬೇಕೆಂದು ತೀರ್ಮಾನಿಸಿದರು. ಬೆವತು ನೊರೆ ಸುರಿಸುತ್ತಿದ್ದ ಎತ್ತುಗಳು ಎರಡನೆಯ ಸಲ ಎಷ್ಟು ಎಳೆದಾವು? ಕೆಲವೇ ಗೇಣಿನಿಂದ ಸೋತವು. ಮುದುಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಲೇಸಾಗುತ್ತಿತ್ತು. ಎತ್ತುಗಳ ಕೊರಳು ಬಿಚ್ಚಿ, ಅವುಗಳ ಮೈ ಒರೆಸಿ, ನೀರಿಗೆ ಹೊಡೆದುಕೊಂಡು ಹೋದ. ಉಳಿದ ಜೋಡಿಗಳಿಗೆ ಆ ಮಾಸ್ತರರೇ ಹೊತ್ತು ಹಿಡಿದರು. ಅವರ ಜನತಾದ ಚರ್ಮದ ಪಟ್ಟಿ ಬೆವರಿಗೆ ಕೊಳೆತಿದ್ದುದರಿಂದ ಕೌದಿಯ ಬಟ್ಟೆಯ ಪಟ್ಟಿ ಹೊಲಿಸಿಕೊಂಡಿದ್ದರು. ಅದನ್ನು ನೋಡಿ ಮುಂಜಾನೆ ನಾನು ಮನಸ್ಸಿನಲ್ಲಿ ನಕ್ಕಿದ್ದೆ.

ಇಲ್ಲಿಂದ ಮುಂದಿನ ಚರಿತ್ರೆ ಬೇಗ ಹೇಳಬಹುದು. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪನಿ ಸ್ಫಟಿಕದ ಕಂಪನದಿಂದ ನಡೆಯುವ ಮೊದಲ ಕೈಗಡಿಯಾರವನ್ನು ಮಾರಾಟಕ್ಕೆ ತಂದಿತ್ತು. ಮೊದಮೊದಲು ಅದು ಸಿರಿವಂತರ ವಸ್ತುವೇ ಆಗಿತ್ತು. ಇಂದಿನ ಸಾಮಾನ್ಯ ಸ್ಫಟಿಕ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಅಂಕಿಗಳನ್ನಷ್ಟೇ ತೋರಿಸುವ ಗಡಿಯಾರದಲ್ಲಂತೂ ತೂಗುಚಕ್ರವಿಲ್ಲ, ಮುರಿಯುವ ಅಚ್ಚೂ ಇಲ್ಲ. ಕ್ಯಾಸಿಯೋ ಕಂಪನಿಯ ಕಿಕುಓ ಇಬೆ ಎಂಬ ಎಂಜಿನಿಯರ್ ತಂದೆ ಕೊಟ್ಟ ಗಡಿಯಾರವನ್ನು ಕೆಳಗೆ ಬೀಳಿಸಿ ಒಡೆದುಕೊಂಡವನು. ಹತ್ತು ಮೀಟರ್ ಎತ್ತರದಿಂದ ಬಿದ್ದರೂ ಒಡೆಯದ ಗಡಿಯಾರ ಮಾಡುವೆನೆಂದು ಹಟ ತೊಟ್ಟು, ಇನ್ನೂರರಷ್ಟು ಮಾದರಿಗಳನ್ನು ಕಿಟಕಿಯಿಂದ ಎಸೆದು ನೋಡಿ, 1983ರಲ್ಲಿ ಜಿ-ಶಾಕ್ ತಂದ. ಕೊಟ್ಟ ಗಡಿಯಾರವನ್ನು ಒಡೆದುಕೊಂಡವರಲ್ಲಿ ನಾನೂ ಒಬ್ಬ, ಆದರೆ ನಾನು ಮಾಡಿದ್ದು ಪಶ್ಚಾತ್ತಾಪ ಮಾತ್ರ. 1989ರಲ್ಲಿ ಅದೇ ಕಂಪನಿಯ ಎಫ್-91ಡಬ್ಲ್ಯೂ ಬಂದಿತು. ಎರಡು ತೊಲೆಗಿಂತ ಕಡಿಮೆ ತೂಕ, ಸೆಕೆಂಡಿನ ನೂರನೆಯ ಭಾಗವನ್ನು ತೋರಿಸುವ ಓಟದ ಗಡಿಯಾರ, ಏಳು ವರ್ಷ ನಡೆಯುವ ಬ್ಯಾಟರಿ. ನಿಖರತೆಗೂ ಬೆಲೆಗೂ ಇದ್ದ ಹಳೆಯ ನಂಟು ಅಲ್ಲಿಗೆ ಕಡಿದುಹೋಯಿತು. ಜನತಾ ಹುಟ್ಟಿದ ಸಂಸ್ಥೆ ಈ ಹೊಳೆಯಲ್ಲಿ ಈಜಲಾಗಲಿಲ್ಲ. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿತು.

ನನ್ನ ವಿದ್ಯಾರ್ಥಿಗೆ ಒಂದು ವಾರದ ಮೇಲೆ ದೂರವಾಣಿಯಲ್ಲಿ ಉತ್ತರ ಹೇಳಿದೆ. ಹಳೆಯ ಜನತಾದ ಮೇಲೆ ಆಸೆಯಿದ್ದರೆ ಮನೆಯಲ್ಲಿಡು, ಬಯಲಿಗೆ ಬೇಡ. ಪೇಟೆಯಲ್ಲಿ ಇಂದು ಸಿಕ್ಕುವ ಎಷ್ಟೋ ಜನತಾಗಳು ಹಲವು ಗಡಿಯಾರಗಳ ಅವಯವಗಳನ್ನು ಕೂಡಿಸಿ ಹೊಸ ಬಣ್ಣ ಬಳಿದವು. ಅಂಕಿಯ ಗಡಿಯಾರ ಕೊಳ್ಳು. ಕವಚ, ಪಟ್ಟಿ ಎರಡೂ ರಾಳದವಿರಲಿ, ಚರ್ಮದ ಪಟ್ಟಿ ನಮ್ಮ ಬೇಸಿಗೆಯ ಬೆವರಿಗೆ ಎರಡು ವರ್ಷ ಬಾಳದು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಅಂಕಿ ಕಾಣುತ್ತದೆಯೆ ಎಂದು ಅಂಗಡಿಯಿಂದ ಹೊರಗೆ ತಂದು ನೋಡು. ಬೆನ್ನ ಮೇಲೆ 30 ಮೀಟರ್ ಎಂದಿದ್ದರೆ ಕೃಷ್ಣೆಯಲ್ಲಿ ಮುಳುಗಬಹುದೆಂದು ತಿಳಿಯಬೇಡ. ಅದು ಪ್ರಯೋಗಶಾಲೆಯ ನಿಂತ ನೀರಿನ ಒತ್ತಡದ ಲೆಕ್ಕ. ಮಳೆ, ಬೆವರು, ಕೈ ತೊಳೆಯುವುದಕ್ಕೆ ಸಾಕು. ಈಜುವವರಿಗೆ 100 ಇರಬೇಕು. ಎಲ್ಲಕ್ಕೂ ಮುಖ್ಯವಾದದ್ದು ಬ್ಯಾಟರಿ ಹಾಕಿಸುವ ದಿನ. ಬೆನ್ನಿನ ಮುಚ್ಚಳದೊಳಗೆ ದಾರದಂಥ ರಬ್ಬರಿನ ಉಂಗುರವೊಂದಿರುತ್ತದೆ. ಅವಸರದಲ್ಲಿ ಅದನ್ನು ತಿರುಚಿಯೋ ಬಿಟ್ಟೋ ಮುಚ್ಚಳ ಹಾಕಿದರೆ ಡೋಣಿ ದಂಡೆಯ ನುಣ್ಣನೆಯ ಧೂಳು ಒಳಗೆ ಹೊಗುತ್ತದೆ. ನಿಂತು ನೋಡಿ ಹಾಕಿಸು. ಇನ್ನೊಂದು ಮಾತು: ಹೊತ್ತು ಹಿಡಿಯುವಾಗ ಒಂದು ಗಡಿಯಾರವನ್ನೇ ನಂಬಬೇಡ, ಎರಡು ಕೈಗಳಲ್ಲಿ ಎರಡಿರಲಿ.

ಸಾವಿರದ ಲೆಕ್ಕದಲ್ಲಿ ಒಂದೆರಡರೊಳಗೆ ಮುಗಿಯುವ ಒಂದನ್ನು ಆತ ಕೊಂಡ. ಮಳೆಗಾಲ ಕಳೆದ ಮೇಲೆ ಫೋನು ಮಾಡಿದ್ದ. ನಮ್ಮ ಜಿಲ್ಲೆ ಸೈಕಲ್ ಸವಾರರಿಗೆ ಹೆಸರಾದದ್ದಷ್ಟೆ. ಅವನ ಶಾಲೆಯ ಹುಡುಗಿಯೊಬ್ಬಳು ಅದನ್ನು ಕಟ್ಟಿಕೊಂಡು ಅಭ್ಯಾಸ ಮಾಡುವಾಗ ಡಾಂಬರು ರಸ್ತೆಯಲ್ಲಿ ಉರುಳಿಬಿದ್ದಳಂತೆ. ಮೊಣಕೈ ತರಚಿತು, ಗಡಿಯಾರದ ಮುಖ ಗೀರು ಬಿದ್ದಿತು, ಅಂಕಿಗಳು ಓಡುತ್ತಲೇ ಇದ್ದವು. ಎದ್ದು ಮೊದಲು ನೋಡಿದ್ದು ಅದನ್ನೇ ಎಂದು ನಕ್ಕ. ಶಾಲೆಯ ಕ್ರೀಡೋತ್ಸವಕ್ಕೆ ಪಂಚರಾಗಿ ಬರಬೇಕೆಂದು ಕರೆದ. ಬರುತ್ತೇನೆ, ಬೇವಿನ ಮರದ ನೆರಳಿನಲ್ಲಿ ಒಂದು ಕುರ್ಚಿ ಹಾಕಿಸು, ಗಡಿಯಾರ ಮಾತ್ರ ನೀನೇ ಹಿಡಿ ಎಂದೆ.